ನಾನು ಪಕ್ಕದಲ್ಲಿ ನಿಂತರೆ ಮಾತ್ರ ಲೈನ್ ಓಡುತ್ತೆ, ಏನು ಮಾಡಲಿ?

ಪ್ರಶ್ನೆ: ನಾನು ದಾವಣಗೆರೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಟೈಲರ್ ಆಗಿದ್ದೆ. ನಾಲ್ಕು ತಿಂಗಳ ಹಿಂದೆ ಲೈನ್ ಸೂಪರ್‌ವೈಸರ್ ಮಾಡಿದರು. ಶರ್ಟ್ ಲೈನ್, ಅಂದರೆ ಸಾಲಾಗಿ ಕೂತು ಒಬ್ಬೊಬ್ಬರು ಶರ್ಟ್‌ನ ಒಂದೊಂದು ಭಾಗ ಹೊಲಿಯುವ ತಂಡ, 34 ಜನ ಇದ್ದಾರೆ. ನಾನು ಪಕ್ಕದಲ್ಲಿ ನಿಂತರೆ ಕೆಲಸ ಓಡುತ್ತದೆ, ಆ ಕಡೆ ಹೋದರೆ ನಿಂತುಬಿಡುತ್ತದೆ. ಸಣ್ಣಪುಟ್ಟದ್ದಕ್ಕೂ "ಅಕ್ಕಾ, ಏನ್ ಮಾಡ್ಲಿ" ಅಂತ ಕೂಗುತ್ತಾರೆ. ನೀರು ಕುಡಿಯೋಕೂ ಪುರುಸೊತ್ತಿಲ್ಲ. ಇನ್‌ಚಾರ್ಜ್ ಸರ್ "ನೀನು ಬಹಳ ಮೆತ್ತಗೆ, ಬೈದರೆ ಮಾತ್ರ ಲೈನ್ ಓಡೋದು" ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಅವರನ್ನು ಕೇಳದೆ ಏನಾದರೂ ಮಾಡೋಕೆ ನನಗೂ ಧೈರ್ಯ ಬರುವುದಿಲ್ಲ. ಮುಂದಾಳತ್ವ ಹುಟ್ಟಿನಿಂದಲೇ ಬರಬೇಕಾ? ವಾಪಸ್ ಮಷಿನ್‌ಗೇ ಹೋಗಿಬಿಡಲಾ? ಇನ್ನೊಂದು, ಮೊದಲಿನ ಹಾಗೆ ಗೆಳತಿಯರ ಜೊತೆ ಕೂತು ಊಟ ಮಾಡಬಹುದಾ? ಬೇಡ ಅಂತ ಕೆಲವರು ಹೇಳುತ್ತಾರೆ. (ಹೆಸರು ಬೇಡ, ದಾವಣಗೆರೆ)

ಉತ್ತರ: ವಾಪಸ್ ಮಷಿನ್‌ಗೆ ಹೋಗಬೇಡಿ, ತಂಗಿ. ಒಂಬತ್ತು ವರ್ಷ ಹೊಲಿದ ಕೈ ನಿಮ್ಮದು. ಹೊಲಿಗೆಯ ಯಾವ ಹಂತ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನೋದು ಓದಿ ಬಂದ ಎಷ್ಟೋ ಜನಕ್ಕಿಂತ ನಿಮಗೆ ಚೆನ್ನಾಗಿ ಗೊತ್ತು. ಸೂಪರ್‌ವೈಸರ್ ಕೆಲಸ ಕಲಿಯೋಕೆ ನಾಲ್ಕು ತಿಂಗಳು ಬಹಳ ಕಡಿಮೆ. ನೀವು ಟೈಲರ್ ಆದ ಮೊದಲ ನಾಲ್ಕು ತಿಂಗಳು ಹೇಗಿತ್ತು, ನೆನಪಿಸಿಕೊಳ್ಳಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಕಷ್ಟ ಹೇಳಿದ್ದೀರಿ. ಲೈನ್‌ನವರು ಎಲ್ಲದಕ್ಕೂ ನಿಮ್ಮನ್ನು ಕೇಳುತ್ತಾರೆ. ನೀವು ಎಲ್ಲದಕ್ಕೂ ಸರ್ ಅವರನ್ನು ಕೇಳುತ್ತೀರಿ. ನನಗೆ ಇವು ಎರಡಾಗಿ ಕಾಣಲಿಲ್ಲ. ಕಾಲರ್ ಮಷಿನ್ ಮುಂದೆ ಕೂತವಳು ನಿಮ್ಮ ಮುಖ ನೋಡುತ್ತಾಳೆ, ನೀವು ಇನ್‌ಚಾರ್ಜ್ ಮುಖ ನೋಡುತ್ತೀರಿ, ಅವರು ಮೇಲಿನವರ ಫೋನ್ ಕಾಯುತ್ತಾರೆ. ಬಟ್ಟೆ ಕೈಯಲ್ಲಿ ಹಿಡಿದವಳಿಗೆ ಮಾತ್ರ ಏನನ್ನೂ ತೀರ್ಮಾನ ಮಾಡೋ ಹಾಗಿಲ್ಲ. ನಿಮ್ಮ ಕೈಯಲ್ಲೇ ತೀರ್ಮಾನ ಇಲ್ಲದಿದ್ದರೆ ಅವಳಿಗೆ ಎಲ್ಲಿಂದ ಕೊಡುತ್ತೀರಿ? ಹಾಗಾಗಿ ಕೆಳಗಿನದನ್ನೂ ಮೇಲಿನದನ್ನೂ ಒಟ್ಟಿಗೇ ಸರಿ ಮಾಡಬೇಕು. ಒಂದನ್ನು ಬಿಟ್ಟು ಇನ್ನೊಂದು ಆಗುವುದಿಲ್ಲ.

ಹುಟ್ಟಿನಿಂದ ಬರಬೇಕಾ ಅಂತ ಕೇಳಿದ್ದೀರಿ. ಸ್ವಲ್ಪ ಬರುತ್ತದೆ, ಸುಳ್ಳಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಅವಳಿ ಗಂಡಸರನ್ನು ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕೆಲಸದಲ್ಲಿ ಯಾರು ಮುಂದಾಳು ಆಗುತ್ತಾರೆ, ಯಾರು ಆಗುವುದಿಲ್ಲ ಅನ್ನೋ ವ್ಯತ್ಯಾಸದಲ್ಲಿ ಹುಟ್ಟಿನ ಪಾಲು ಸುಮಾರು ಶೇ. 30 ಅಂತ ಅದು ಹೇಳಿತು. ಉಳಿದ ದೊಡ್ಡ ಪಾಲು ಬದುಕಿನಲ್ಲಿ ಸಿಕ್ಕ ಅವಕಾಶ, ಅನುಭವ, ಜೊತೆಗಿದ್ದವರು. ಧೈರ್ಯದ ವಿಷಯವೂ ಹಾಗೇ. "ಇದು ನನ್ನ ಕೈಲಾಗುತ್ತೆ" ಅನ್ನೋ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ಆಲ್ಬರ್ಟ್ ಬಂಡೂರ ಅನ್ನೋ ಮನಶ್ಶಾಸ್ತ್ರಜ್ಞರು 1977ರಲ್ಲಿ ಬರೆದರು. ಬೇರೆಯವರು ಹೊಗಳಿದರೆ ಸ್ವಲ್ಪ ಬರುತ್ತದೆ, ನಮ್ಮಂಥವರು ಮಾಡಿದ್ದನ್ನು ನೋಡಿದರೆ ಇನ್ನೂ ಸ್ವಲ್ಪ ಬರುತ್ತದೆ. ಎಲ್ಲಕ್ಕಿಂತ ಜಾಸ್ತಿ ಬರುವುದು ಸ್ವತಃ ಮಾಡಿ ಗೆದ್ದಾಗ. ಧೈರ್ಯ ಬಂದ ಮೇಲೆ ತೀರ್ಮಾನ ಮಾಡ್ತೀನಿ ಅಂತ ಕಾದರೆ ಅದು ಬರುವುದೇ ಇಲ್ಲ. ಒಂದು ಸಣ್ಣ ತೀರ್ಮಾನ ಮಾಡಿ, ಅದು ಸರಿಹೋದ ಸಂಜೆ ಬರುತ್ತದೆ.

ಇದು ಬರೀ ಪುಸ್ತಕದ ಮಾತು ಅನ್ನಿಸಬಹುದು. ನಿಮ್ಮಂಥವರ ಮೇಲೇ ಆದ ಒಂದು ಅಧ್ಯಯನ ಇದೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಮಾತಾಡೋದು, ಸಮಯ ಹೊಂದಿಸೋದು, ಸಮಸ್ಯೆ ಬಿಡಿಸೋದು ಇಂಥದ್ದನ್ನೆಲ್ಲ ಹೇಳಿಕೊಟ್ಟರು. ಹೊಲಿಗೆಯ ಪಾಠ ಅಲ್ಲ ಅದು. ಯಾರಿಗೆ ತರಬೇತಿ ಅನ್ನೋದನ್ನು ಲಾಟರಿ ಎತ್ತಿ ಆರಿಸಿದ್ದರು, ಆದ್ದರಿಂದ ಹೋಲಿಕೆ ಸರಿಯಾಗಿತ್ತು. ಕಲಿತವರ ಕೆಲಸ ಕಲಿಯದವರಿಗಿಂತ ಮೇಲಾಯಿತು. ಕಾರ್ಖಾನೆಗೆ ಹಾಕಿದ ಹಣ ಎರಡು ಪಟ್ಟಿಗೂ ಮೀರಿ ವಾಪಸ್ ಬಂತು. ಅಂದರೆ ಇದು ಕಲಿಯೋ ವಿದ್ಯೆ. ಕಾಲರ್ ಕೂರಿಸೋದು ಕಲಿತ ಹಾಗೇ.

ಈಗ ನಿಮ್ಮ ಸರ್ ಹೇಳುವ ಮಾತಿಗೆ ಬರೋಣ. ಬೈದರೆ ಲೈನ್ ಓಡುತ್ತೆ ಅಂತಾರಲ್ಲ, ಅದು ಪೂರ್ತಿ ಸುಳ್ಳಲ್ಲ. ಓಡುತ್ತದೆ. ಬೈಯುವವರು ನಿಂತಿರುವಷ್ಟು ಹೊತ್ತು.

ಕರ್ಟ್ ಲೆವಿನ್ ಅಂತ ಒಬ್ಬರಿದ್ದರು. ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದ ಮನಶ್ಶಾಸ್ತ್ರಜ್ಞ. ಅವರೂ ಅವರ ಇಬ್ಬರು ಜೊತೆಗಾರರೂ 1939ರಲ್ಲಿ ಪ್ರಕಟಿಸಿದ ಪ್ರಯೋಗ ಇವತ್ತಿಗೂ ನಮ್ಮ ಕೆಲಸದಲ್ಲಿ ದಿನಾ ಕಾಣುತ್ತದೆ. ಹತ್ತು ವರ್ಷದ ಆಸುಪಾಸಿನ ಹುಡುಗರನ್ನು ಸಣ್ಣ ಸಣ್ಣ ಗುಂಪು ಮಾಡಿ ಕೈಕೆಲಸ ಕೊಟ್ಟರು. ಒಂದು ಬಗೆಯ ಮುಂದಾಳು ಎಲ್ಲವನ್ನೂ ತಾನೇ ಹೇಳುತ್ತಿದ್ದ: ಈಗ ಇದು ಮಾಡು, ಆಮೇಲೆ ಅದು ಮಾಡು. ಇನ್ನೊಂದು ಬಗೆಯವನು ಹುಡುಗರ ಜೊತೆ ಕೂತು ಏನು, ಹೇಗೆ ಅಂತ ಮಾತಾಡಿ ಗೊತ್ತು ಮಾಡುತ್ತಿದ್ದ. ಮೂರನೆಯವನು ಸುಮ್ನೆ ಬಿಟ್ಟುಬಿಟ್ಟಿದ್ದ. ಹುಕುಂ ಮಾಡುವವನು ಎದುರಿಗಿದ್ದಾಗ ಹುಡುಗರು ಬಗ್ಗಿ ಕೆಲಸ ಮಾಡಿದರು. ಅವನು ಕೋಣೆಯಿಂದ ಹೊರಗೆ ಹೋದ ಕೂಡಲೇ ಕೆಲಸ ದೊಪ್ಪನೆ ಬಿತ್ತು. ಮಾತಾಡಿ ಮಾಡಿಸುವವನು ಹೊರಗೆ ಹೋದಾಗ ಕೆಲಸ ಹೆಚ್ಚು ಕಮ್ಮಿ ಹಾಗೇ ನಡೀತಾ ಇತ್ತು. ಸುಮ್ನೆ ಬಿಟ್ಟವನ ಗುಂಪು ಅವನಿದ್ದಾಗಲೂ ಅಷ್ಟಕ್ಕಷ್ಟೇ. ಇದನ್ನೂ ನೆನಪಿಡಿ. ಮೆತ್ತಗಿರೋದು ಬೇರೆ, ಕೈಬಿಡೋದು ಬೇರೆ.

ನೀವು ಬೈಯುವುದಿಲ್ಲ, ಸರಿ. ಆದರೆ ಎಲ್ಲವನ್ನೂ ನೀವೇ ಹೇಳುತ್ತೀರಿ. ಹಾಗಾಗಿ ದನಿ ಮೆತ್ತಗಿದ್ದರೂ ನಿಮ್ಮ ಲೈನ್ ಮೊದಲನೆಯ ಗುಂಪಿನ ಹಾಗೆಯೇ ಆಗಿದೆ. ನೀವು ಆ ಕಡೆ ಹೋದರೆ ನಿಲ್ಲುತ್ತದೆ. ಇದನ್ನು ಬೇಜಾರು ಮಾಡಿಸೋಕೆ ಹೇಳುತ್ತಿಲ್ಲ. ಚೆನ್ನಾಗಿ ಕೆಲಸ ಗೊತ್ತಿರೋ ಟೈಲರ್ ಸೂಪರ್‌ವೈಸರ್ ಆದರೆ ಮೊದಲು ಬೀಳುವುದೇ ಈ ಹಳ್ಳಕ್ಕೆ. ನಾವೇ ಮಾಡಿದರೆ ಒಂದು ನಿಮಿಷ, ಅವಳಿಂದ ಮಾಡಿಸಿದರೆ ಮೂರು ನಿಮಿಷ ಅಲ್ವಾ?

ಬೈಯುವುದರ ಬಗ್ಗೆ ನಾನು ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ನನಗೆ ಆಗ 26 ವರ್ಷ, ಹೊಸದಾಗಿ ಸೂಪರ್‌ವೈಸರ್ ಆಗಿದ್ದೆ. ಸಣ್ಣ ಮಕ್ಕಳ ಬಟ್ಟೆ ಹೊಲಿಯೋ ಲೈನ್. ಸೂಜಿ ಮುರಿದರೆ ಏನು ಮಾಡಬೇಕು ಅಂತ ನಿಮಗೆ ಗೊತ್ತು: ಎಲ್ಲಾ ತುಂಡನ್ನೂ ಹುಡುಕಿ, ಟೇಪ್ ಹಾಕಿ ರಿಜಿಸ್ಟರ್‌ನಲ್ಲಿ ಅಂಟಿಸಿ, ಆಮೇಲೆ ಹೊಸ ಸೂಜಿ. ಒಬ್ಬ ಹುಡುಗಿಯ ಸೂಜಿ ಮುರಿಯಿತು. ತುದಿ ಸಿಗಲಿಲ್ಲ. ಇಪ್ಪತ್ತು ನಿಮಿಷ ಎಲ್ಲರೂ ನೆಲದ ಮೇಲೆ ಕೂತು ಹುಡುಕಿದೆವು. ಟಾರ್ಗೆಟ್ ಹೋಯಿತು ಅನ್ನೋ ಸಿಟ್ಟಿಗೆ ಎಲ್ಲರ ಎದುರಿಗೇ ಅವಳಿಗೆ ಬೈದೆ. ಮುಂದಿನ ವಾರ ಇನ್ನೊಬ್ಬಳ ಸೂಜಿ ಮುರಿಯಿತು. ಅವಳು ಬಾಯಿ ಬಿಡಲಿಲ್ಲ. ಎಲ್ಲಿಂದಲೋ ಒಂದು ಸೂಜಿ ಇಟ್ಟುಕೊಂಡಿದ್ದಳು, ಹಾಕಿ ಹೊಲಿದಳು. ಪ್ಯಾಕಿಂಗ್‌ನಲ್ಲಿ ಮೆಟಲ್ ಡಿಟೆಕ್ಟರ್ ಕೂಗಿತು. ಎರಡು ದಿನ ಪೆಟ್ಟಿಗೆ ಬಿಚ್ಚಿ ಬಿಚ್ಚಿ ಒಂದೊಂದೇ ಪೀಸ್ ನೋಡಿದೆವು. ಯಾಕೆ ಹೇಳಲಿಲ್ಲ ಅಂದಾಗ ಅವಳು ತಲೆ ಎತ್ತದೆ, "ಅವತ್ತು ಅವಳಿಗೆ ಬೈದದ್ದು ನೋಡಿದ್ದೆ ಅಣ್ಣಾ" ಅಂದಳು. ಒಂದು ಮಗುವಿನ ಮೈಗೆ ಸೂಜಿ ಚುಚ್ಚಬಹುದಿತ್ತು. ಮಷಿನ್ ಮೇಲೆ ಕೂತವಳಿಗಿಂತ ಆ ತಪ್ಪು ಜಾಸ್ತಿ ನನ್ನದು ಅಂತ ನನಗೆ ಅವತ್ತು ಗೊತ್ತಾಯಿತು.

ಎಷ್ಟೋ ವರ್ಷ ಆದ ಮೇಲೆ ಏಮಿ ಎಡ್ಮಂಡ್‌ಸನ್ ಅನ್ನೋ ಅಮೆರಿಕದ ಸಂಶೋಧಕಿಯ ಕೆಲಸ ಓದಿದೆ. 1990ರ ದಶಕದಲ್ಲಿ ಅವರು ಆಸ್ಪತ್ರೆಗಳಲ್ಲಿ ನರ್ಸ್‌ಗಳ ತಂಡಗಳನ್ನು ನೋಡಿದರು, ಔಷಧಿ ಕೊಡುವಾಗ ಆಗುವ ತಪ್ಪು ಎಣಿಸಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು! ಅವರು ಜಾಸ್ತಿ ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು, ಅಷ್ಟೇ. ನಿಮ್ಮ ಸರ್ ಇನ್ನೊಮ್ಮೆ ಬೈ ಅಂದರೆ ವಾದಕ್ಕೆ ಇಳಿಯಬೇಡಿ. "ಬೈದರೆ ಬಿಚ್ಚಿ ಮತ್ತೆ ಹೊಲೀಬೇಕಾದ ಪೀಸ್ ಮುಚ್ಚಿಡ್ತಾರೆ ಸರ್, ಫೈನಲ್ ಚೆಕಿಂಗ್‌ನಲ್ಲಿ ಸಿಕ್ಕಿಬೀಳ್ತೀವಿ" ಅನ್ನಿ. ಇದು ಅವರಿಗೂ ತಲೆನೋವಿನ ವಿಷಯ, ಕೇಳುತ್ತಾರೆ.

ಹಾಗಾದರೆ ಮಾಡೋದೇನು?

ನಮ್ಮ ಊರಿನ ಮಂಡಕ್ಕಿ ಭಟ್ಟಿ ನೋಡಿದ್ದೀರಲ್ಲ. ಕಾದ ಮರಳಿಗೆ ಅಕ್ಕಿ ಬಿದ್ದ ಮೇಲೆ ಅದು ಅರಳಿ ಬರೋಕೆ ಇರೋದು ಕೆಲವೇ ಕ್ಷಣ. ಸ್ವಲ್ಪ ಮುಂಚೆ ತೆಗೆದರೆ ಗಟ್ಟಿ, ಸ್ವಲ್ಪ ತಡ ಆದರೆ ಸೀದು ಹೋಗುತ್ತದೆ. ಭಟ್ಟಿ ಮುಂದೆ ನಿಂತವನು "ಯಜಮಾನ್ರೇ, ಈಗ ತೆಗೀಲಾ" ಅಂತ ಕೇಳೋಕೆ ಹೋದರೆ ಕಥೆ ಮುಗೀತು. ಮಾಲೀಕ ಎಷ್ಟೇ ಜೋರಿನವನಾದರೂ ಆ ತೀರ್ಮಾನ ಭಟ್ಟಿ ಮುಂದೆ ನಿಂತವನದೇ. ಬೆಂಕಿಗೆ ಹತ್ತಿರ ಇದ್ದವನಿಗೆ ಅಕ್ಕಿ ಕಾಣುತ್ತದೆ, ಸದ್ದು ಕೇಳುತ್ತದೆ. ಟೊಯೋಟಾ ಕಾರ್ಖಾನೆಯವರು ಇದನ್ನೇ ಒಂದು ಪದ್ಧತಿ ಮಾಡಿಕೊಂಡರು. ಅಲ್ಲಿ ಲೈನ್ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಿತ್ತು. ದೋಷ ಕಂಡ ಕೆಲಸಗಾರ, ಎಷ್ಟೇ ಕಿರಿಯನಾಗಿರಲಿ, ಹಗ್ಗ ಎಳೆಯಬಹುದು. ತಂಡದ ಮುಂದಾಳು ಓಡಿ ಬರುತ್ತಾನೆ. ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ.

ನಿಮ್ಮ ಲೈನ್‌ನಲ್ಲಿ ಇದನ್ನು ಒಂದೇ ಸಲ ತರೋಕೆ ಆಗಲ್ಲ. ಒಂದು ಕೂಗಿನಿಂದ ಶುರು ಮಾಡಿ. ಹತ್ತೂವರೆ ಗಂಟೆ ಅಂತಿಟ್ಟುಕೊಳ್ಳಿ. "ಅಕ್ಕಾ, ಸ್ಟಿಚ್ ಬಿಡ್ತಾ ಇದೆ." ಈಗ ನೀವು ಓಡುತ್ತೀರಿ, ಅವಳನ್ನು ಎಬ್ಬಿಸಿ ಕೂರುತ್ತೀರಿ, ದಾರ ಬಿಚ್ಚಿ ಹಾಕುತ್ತೀರಿ, ಸೂಜಿ ತಿರುಗಿಸುತ್ತೀರಿ. ಸರಿಹೋಯಿತು. ಅವಳು ಕಲಿತದ್ದೇನು? ಅಕ್ಕ ಬಂದರೆ ಸರಿಹೋಗುತ್ತದೆ ಅಂತ. ನಾಳೆ ಮತ್ತೆ ಕೂಗುತ್ತಾಳೆ.

ಅದರ ಬದಲು ಹೋಗಿ, ಕೈ ಹಿಂದೆ ಕಟ್ಟಿಕೊಂಡು ನಿಲ್ಲಿ. ನಿಜವಾಗಿ ಕೈ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಅದು ತಾನಾಗೇ ಮಷಿನ್‌ಗೆ ಹೋಗುತ್ತದೆ. "ನೀನು ಏನೇನ್ ನೋಡ್ದೆ?" ಅಂತ ಕೇಳಿ. "ದಾರ ಸರಿಯಾಗಿದೆ ಅಕ್ಕಾ." "ಸೂಜಿ?" ಅವಳು ಬಗ್ಗಿ ನೋಡುತ್ತಾಳೆ, ಸೂಜಿ ಸ್ವಲ್ಪ ತಿರುಗಿ ಕೂತಿರುತ್ತದೆ. ಅವಳೇ ಸರಿ ಮಾಡುತ್ತಾಳೆ. ಎರಡು ನಿಮಿಷ ಜಾಸ್ತಿ ಹಿಡಿಯಿತು, ಹಿಡಿಯಲಿ. ಹೋಗುವ ಮುಂಚೆ ಒಂದು ಮಾತು: "ಇನ್ನೊಂದ್ಸಲ ಹಿಂಗಾದ್ರೆ ದಾರ, ಸೂಜಿ ಎರಡೂ ನೋಡಿ, ಸೂಜಿ ಸವೆದಿದ್ರೆ ನೀನೇ ಹೋಗಿ ಬದಲಾಯಿಸ್ಕೊಂಡು ಬಾ. ಆಮೇಲೂ ಆಗ್ಲಿಲ್ಲ ಅಂದ್ರೆ ಮೆಕ್ಯಾನಿಕ್‌ನ ನೀನೇ ಕರಿ. ನನ್ನ ಕೇಳ್ಬೇಡ, ಆಮೇಲೆ ಹೇಳು." ಕೊನೆಯ ವಾಕ್ಯವೇ ಮುಖ್ಯ. ಆ ಮಾತು ನಿಮ್ಮ ಬಾಯಿಂದಲೇ ಬರುವವರೆಗೂ ಅವಳಿಗೆ ಆ ಅಧಿಕಾರ ಇದೆ ಅಂತ ಗೊತ್ತಾಗುವುದಿಲ್ಲ.

ಇಲ್ಲಿ ಎಚ್ಚರ ಒಂದಿದೆ. ಎಲ್ಲರನ್ನೂ ಹೀಗೆ ಕೇಳೋಕೆ ಹೋಗಬೇಡಿ. ಹದಿನೈದು ದಿನದ ಹಿಂದೆ ಸೇರಿದ ಹುಡುಗಿಯ ಹತ್ತಿರ ಕೈ ಕಟ್ಟಿಕೊಂಡು ನಿಂತು "ನೀನೇ ಹೇಳು" ಅಂದರೆ ಅವಳು ಅತ್ತುಬಿಡುತ್ತಾಳೆ. ಅವಳಿಗೆ ಮಾಡಿ ತೋರಿಸಬೇಕು, ಪಕ್ಕದಲ್ಲಿ ಕೂರಬೇಕು. ಎಂಟು ವರ್ಷ ಸ್ಲೀವ್ ಅಟ್ಯಾಚ್ ಮಾಡಿದ ದೊಡ್ಡಕ್ಕನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರೆ ಅವರಿಗೆ ಅವಮಾನ. ಅವರಿಗೆ ಟಾರ್ಗೆಟ್ ಹೇಳಿ, ಬಿಟ್ಟುಬಿಡಿ. ಮುಂದಾಳತ್ವದ ಬಗ್ಗೆ ಬರೆದ ಹರ್ಸಿ ಮತ್ತು ಬ್ಲಾಂಚರ್ಡ್ ಅನ್ನೋ ಇಬ್ಬರು 1969ರಿಂದ ಹೇಳುತ್ತಾ ಬಂದದ್ದು ಇದನ್ನೇ: ಮುಂದಾಳಿಗೆ ಒಂದೇ ರೀತಿ ಅಂತ ಇಲ್ಲ, ಎದುರಿಗಿರುವವರು ಆ ಕೆಲಸದಲ್ಲಿ ಎಷ್ಟು ಪಳಗಿದ್ದಾರೆ ಅನ್ನೋದರ ಮೇಲೆ ಬದಲಾಗಬೇಕು. ಮನುಷ್ಯರ ಮೇಲೆ ಅಲ್ಲ, ಆ ಕೆಲಸದ ಮೇಲೆ. ಅದೇ ದೊಡ್ಡಕ್ಕನನ್ನು ನಾಳೆ ಬಟ್ಟೆಯ ಅಂಚು ಹೊಲಿಯೋ ಓವರ್‌ಲಾಕ್ ಮಷಿನ್‌ಗೆ ಹಾಕಿದರೆ ಅವರೂ ಅಲ್ಲಿ ಹೊಸಬರೇ.

ಇನ್ನು ಮೇಲಿನ ಕಡೆ. ನಿಮ್ಮ ಭಯಕ್ಕೆ ಒಂದು ಕಾರಣ, ಯಾವುದನ್ನು ಕೇಳಬೇಕು, ಯಾವುದನ್ನು ಕೇಳಬೇಕಿಲ್ಲ ಅಂತ ಯಾರೂ ನಿಮಗೆ ಹೇಳಿಲ್ಲ. ಹುದ್ದೆ ಕೊಟ್ಟರು, ಗೆರೆ ಹಾಕಿಕೊಡಲಿಲ್ಲ. ಬಹಳ ಕಾರ್ಖಾನೆಗಳಲ್ಲಿ ಹೀಗೇ ಆಗುತ್ತದೆ. ಹಾಗಾಗಿ ಗೆರೆಯನ್ನು ನೀವೇ ಹಾಕಿ, ಅವರಿಗೆ ತೋರಿಸಿ. ಒಂದು ನೋಟ್‌ಬುಕ್ ತಗೊಳ್ಳಿ. ಒಂದು ವಾರ ನೀವು ಸರ್ ಹತ್ತಿರ ಕೇಳಿದ ಪ್ರತಿಯೊಂದನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ವಾರದ ಕೊನೆಗೆ ಅದನ್ನು ಮೂರು ಪಾಲು ಮಾಡಿ. ಹೆಲ್ಪರ್‌ನ ಆ ಮಷಿನ್‌ನಿಂದ ಈ ಮಷಿನ್‌ಗೆ ಕಳಿಸೋದು, ಎರಡೂ ಕೆಲಸ ಗೊತ್ತಿರೋ ಟೈಲರನ್ನು ಹಿಂದೆ ಬಿದ್ದ ಕಡೆ ಕೂರಿಸೋದು, ಯಾರಿಗೋ ಹೊಟ್ಟೆನೋವು ಅಂದರೆ ಹತ್ತು ನಿಮಿಷ ಕಳಿಸೋದು, ಇವಕ್ಕೆ ಕೇಳಲೇ ಬಾರದು. ಕತ್ತರಿಸಿ ಕಟ್ಟಿದ ಬಟ್ಟೆಯ ಬಂಡಲ್‌ನಲ್ಲಿ ಬಣ್ಣದ ವ್ಯತ್ಯಾಸ ಕಂಡರೆ ಅದನ್ನು ಪಕ್ಕಕ್ಕಿಟ್ಟು ಬೇರೆ ಬಂಡಲ್ ಓಡಿಸೋದು ನೀವೇ ಮಾಡಿ, ಮಾಡಿದ ಕೂಡಲೇ ಹೇಳಿ. ಅಳತೆ ತಪ್ಪಿದ ಪೀಸ್ ಬಿಡಬಹುದಾ, ಓಟಿ ಮಾಡಿಸಬೇಕಾ, ವೈರ್‌ನಿಂದ ಶಾಕ್ ಹೊಡೀತಾ ಇದೆ, ಇಂಥವನ್ನು ಮಾತ್ರ ಅವರ ಹತ್ತಿರ ಒಯ್ಯಿರಿ. ಶಾಕ್ ಹೊಡೆಯೋ ಮಷಿನ್‌ನಿಂದ ಆ ಹುಡುಗಿಯನ್ನು ಮೊದಲು ಎಬ್ಬಿಸಿ, ಸ್ವಿಚ್ ಆಫ್ ಮಾಡಿಸಿ, ಆಮೇಲೆ ಸರ್ ಹತ್ತಿರ ಹೋಗಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಆ ಪಟ್ಟಿ ಹಿಡಿದು ಅವರ ಹತ್ತಿರ ಹತ್ತು ನಿಮಿಷ ಕೇಳಿ. ಸಂಜೆ, ಫ್ಲೋರ್ ಶಾಂತ ಆದ ಮೇಲೆ. "ಸರ್, ಇವಿಷ್ಟು ನಾನೇ ಮಾಡ್ತೀನಿ, ಇವಿಷ್ಟು ಮಾಡಿ ಹೇಳ್ತೀನಿ, ಇವು ನಿಮ್ಮವು. ಸರೀನಾ?" ಬಹಳ ಇನ್‌ಚಾರ್ಜ್‌ಗಳಿಗೆ ಇದು ಹೊರೆ ಇಳಿಸಿದ ಹಾಗೆ. ಒಂದೆರಡು ಸಾಲು ಹೊಡೆದು ಹಾಕಬಹುದು, ಹಾಕಲಿ. ಆ ದಿನದಿಂದ ಮಾತಿನ ದಾಟಿ ಬದಲಾಯಿಸಿ. "ಸರ್, ಏನ್ ಮಾಡ್ಲಿ" ಅನ್ನೋದು ಬಿಡಿ. "ಸರ್, ಕಫ್ ಹಿಂದೆ ಬಿದ್ದಿದೆ, ಇಬ್ಬರನ್ನ ಆ ಕಡೆ ಹಾಕಿದೀನಿ, ಊಟದೊಳಗೆ ಸರಿಹೋಗುತ್ತೆ" ಅನ್ನಿ. ಕಷ್ಟ, ನೀವು ಮಾಡಿದ್ದು, ಯಾವಾಗ ಸರಿಹೋಗುತ್ತದೆ ಅನ್ನೋದು, ಮೂರೂ ಒಂದೇ ಉಸಿರಿನಲ್ಲಿ ಬಂತು ನೋಡಿ. ನಿಮ್ಮ ಬಗ್ಗೆ ಅವರ ಲೆಕ್ಕಾಚಾರ ಎರಡು ತಿಂಗಳಲ್ಲಿ ಬದಲಾಗುತ್ತದೆ.

ಒಂದು ವೇಳೆ ಅವರು ಪಟ್ಟಿ ನೋಡಿ ಸಿಟ್ಟಾದರೆ? ಅಂಥವರೂ ಇರುತ್ತಾರೆ. ನನ್ನ ಕೇಳದೆ ಹುಲ್ಲುಕಡ್ಡಿ ಅಲ್ಲಾಡಬಾರದು ಅನ್ನುವವರು. ಆಗ ಜಗಳ ಬೇಡ. ಮೊದಲ ಪಾಲಿನಲ್ಲಿ ಅತಿ ಸಣ್ಣ ಎರಡು ವಿಷಯ ಮಾತ್ರ ಕೇಳಿ ಇಸ್ಕೊಳ್ಳಿ. ಗಂಟೆಗೆ ಎಷ್ಟು ಪೀಸ್ ಆಯಿತು ಅಂತ ಬರೆಯೋ ಬೋರ್ಡ್‌ನಲ್ಲಿ ನಂಬರ್ ಏರಿದ್ದು ಕಂಡರೆ ಇನ್ನೆರಡು ಕೇಳಿ. ಆರು ತಿಂಗಳಾದರೂ ಕೊಡದಿದ್ದರೆ ಅದು ನಿಮ್ಮ ಕೊರತೆ ಅಂತ ತಲೆಗೆ ಹಚ್ಚಿಕೊಳ್ಳಬೇಡಿ. ಬೇರೆ ಲೈನ್ ಕೇಳಿ. ಇನ್ನೊಂದು ವಿಷಯ, ಬೈಗುಳ ಹೆಣ್ಣುಮಕ್ಕಳ ಬಗ್ಗೆ ಅಸಹ್ಯ ಮಾತಿಗೆ ತಿರುಗಿದರೆ ಅದು ಮುಂದಾಳತ್ವದ ಪ್ರಶ್ನೆಯೇ ಅಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ನಿಮ್ಮ ಲೈನ್‌ನ ಹುಡುಗಿಯರಿಗೆ ಅದು ಗೊತ್ತಿದೆಯಾ ವಿಚಾರಿಸಿ.

ಸ್ವಂತ ಬುದ್ಧಿಯಿಂದ ದಿನ ನಡೆಸೋಕೆ ಒಂದು ಅಭ್ಯಾಸ ಹೇಳುತ್ತೇನೆ. ಬೆಳಿಗ್ಗೆ ಬಸ್‌ನಲ್ಲಿ ಕೂತಾಗ ಮಾಡಬಹುದು. ಇವತ್ತು ಚೆನ್ನಾಗಿ ಮಾಡ್ತೀನಿ ಅಂದುಕೊಂಡರೆ ಏನೂ ಆಗಲ್ಲ. "ಹೀಗಾದರೆ ಹೀಗೆ ಮಾಡ್ತೀನಿ" ಅಂತ ಅಂದುಕೊಳ್ಳಬೇಕು. ಹತ್ತೂವರೆ ಬೋರ್ಡ್‌ನಲ್ಲಿ ಕಾಲರ್ ಇಪ್ಪತ್ತು ಪೀಸ್ ಹಿಂದೆ ಇದ್ದರೆ, ಬಟನ್ ಹೋಲ್‌ನಿಂದ ಒಬ್ಬಳನ್ನು ಕಾಲರ್‌ಗೆ ತರುತ್ತೇನೆ. ಇಬ್ಬರು ಗೈರುಹಾಜರಿ ಇದ್ದರೆ, ಮೊದಲು ಸೈಡ್ ಸೀಮ್ ತುಂಬುತ್ತೇನೆ. ಪೀಟರ್ ಗೋಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು ಇದರ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಬರೀ ಗುರಿ ಇಟ್ಟುಕೊಂಡವರಿಗಿಂತ ಹೀಗೆ ಯಾವಾಗ, ಎಲ್ಲಿ, ಏನು ಅಂತ ಮೊದಲೇ ಗಂಟು ಹಾಕಿಕೊಂಡವರು ಅದನ್ನು ಮಾಡಿ ಮುಗಿಸೋದು ಜಾಸ್ತಿ. ಗಲಾಟೆಯ ಹೊತ್ತಿನಲ್ಲಿ ಯೋಚನೆ ಮಾಡೋಕೆ ತಲೆ ಓಡುವುದಿಲ್ಲ. ಬಸ್‌ನಲ್ಲಿ ಓಡುತ್ತದೆ.

ಬರುವ ಸೋಮವಾರ ಇದನ್ನು ಮಾಡಿ. ಸರ್‌ಗೆ ಮೊದಲೇ ಹೇಳಿ, ಹನ್ನೊಂದು ಗಂಟೆಗೆ ಲೈನ್ ಬಿಟ್ಟು ಹದಿನೈದು ನಿಮಿಷ ಸ್ಟೋರ್‌ಗೆ ಹೋಗಿ. ನೀರು ಕುಡಿಯಿರಿ. ವಾಪಸ್ ಬಂದಾಗ ಯಾರಿಗೂ ಏನೂ ಅನ್ನಬೇಡಿ. ಯಾವ ಮಷಿನ್ ನಿಂತಿದೆ, ಯಾರ ಮುಂದೆ ಬಂಡಲ್ ಗುಡ್ಡೆ ಬಿದ್ದಿದೆ ಅಂತ ಮಾತ್ರ ಬರೆದುಕೊಳ್ಳಿ. ನಿಂತ ಕಡೆ ಹೋಗಿ "ಯಾಕೆ ನಿಲ್ಲಿಸ್ದೆ" ಅಂತ ಅಲ್ಲ, "ನನ್ನಿಂದ ಏನಕ್ಕೆ ಕಾಯ್ತಿದ್ದೆ" ಅಂತ ಕೇಳಿ. ಅವಳು ಹೇಳುವ ಉತ್ತರವೇ ನೀವು ಅವಳಿಗೆ ಮೊದಲು ಬಿಟ್ಟುಕೊಡಬೇಕಾದ ತೀರ್ಮಾನ. ಮುಂದಿನ ವಾರ ಮತ್ತೆ ಹದಿನೈದು ನಿಮಿಷ.

ಊಟದ ವಿಷಯ ಕೇಳಿದ್ದೀರಿ. ಖಂಡಿತ ಅವರ ಜೊತೆಗೇ ಕೂರಿ. ಡೆಸಿ ಮತ್ತು ರಯಾನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು, ಮನುಷ್ಯರು ಯಾರೂ ನೂಕದೆ ತಾವಾಗೇ ಕೆಲಸ ಮಾಡೋಕೆ ಮೂರು ಬೇಕು ಅನ್ನುತ್ತಾರೆ: ಕೆಲಸದಲ್ಲಿ ನನ್ನ ಮಾತಿಗೂ ಬೆಲೆ ಇದೆ ಅನ್ನೋದು, ನನಗೆ ಇದು ಬರುತ್ತದೆ ಅನ್ನೋದು, ಇವರು ನನ್ನವರು ಅನ್ನೋದು. ಮೂರನೆಯದು ನಿಮ್ಮ ಹತ್ತಿರ ಒಂಬತ್ತು ವರ್ಷದಿಂದ ಇದೆ. ಸೂಪರ್‌ವೈಸರ್ ಆದೆ ಅಂತ ಅದನ್ನು ಯಾಕೆ ಕಳಕೊಳ್ಳುತ್ತೀರಿ? ಬುತ್ತಿ ಬಿಚ್ಚಿ, ಅವರ ಚಟ್ನಿಪುಡಿ ಇಸ್ಕೊಳ್ಳಿ, ನಿಮ್ಮ ರೊಟ್ಟಿ ಕೊಡಿ. ಆ ಅರ್ಧ ಗಂಟೆ ಟಾರ್ಗೆಟ್ ಸುದ್ದಿ ತೆಗೀಬೇಡಿ, ಅಲ್ಲಿ ಇಲ್ಲದವರ ಸುದ್ದಿಯನ್ನಂತೂ ತೆಗೀಲೇಬೇಡಿ. ಮತ್ತೆ ದಿನಾ ಒಂದೇ ಗುಂಪಿನಲ್ಲಿ ಕೂರಬೇಡಿ. ಆ ಹದಿನೈದು ದಿನದ ಹುಡುಗಿ ಎಲ್ಲಿ ಕೂತು ಉಣ್ಣುತ್ತಾಳೆ, ಒಮ್ಮೆ ನೋಡಿ.